ಕೆಂಪು ದಾರದ ಕೀಲು

ಪುಕೆರೋವಾ ಕೊಲ್ಲಿ,
ನವೆಂಬರ್ 28, 2011, ಸೋಮವಾರ

ಪ್ರೀತಿಯ ರೇವಿ ಅಣ್ಣಾ,

ಹೇಗಿದ್ದೀಯ? ನಿಮ್ಮ ಗಣಿಯ ಕಡೆ ಈಗಲೇ ಬಿಸಿಲು ನಲವತ್ತು ದಾಟಿದೆಯೆಂದು ರೇಡಿಯೋದಲ್ಲಿ ಕೇಳಿದೆ. ಆ ಕೆಂಪು ಧೂಳಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೇ? ಊಟ ಸರಿಯಾಗಿ ಮಾಡುತ್ತೀಯಾ, ಇಲ್ಲಾ ಅಲ್ಲೂ ಬ್ರೆಡ್ಡಿನ ಮೇಲೆ ಟೊಮೆಟೊ ಸಾಸ್ ಸುರಿದುಕೊಂಡು ಅದಕ್ಕೇ ಊಟ ಅನ್ನುತ್ತೀಯಾ? ಸುತ್ತಿಗೆ ಬಿದ್ದು ಕಪ್ಪಾಗಿದ್ದ ಹೆಬ್ಬೆರಳಿನ ಉಗುರು ಹೊಸದಾಗಿ ಬಂತಾ? ಇವನ್ನೆಲ್ಲ ಕೇಳು ಎಂದವಳು ಅಮ್ಮ. ಉಗುರಿನ ವಿಷಯ ಮಾತ್ರ ನನ್ನದು. ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯುವುದು ರೂಢಿ. ಅಮ್ಮನ ಮಂಡಿ ಊದಿದೆ, ನೀಕೊರಾ ಚಿಕ್ಕಪ್ಪನ ಕೈ ನಡುಗುತ್ತದೆ, ನನಗೆ ಬೆಳಿಗ್ಗೆ ಏಳುವುದಕ್ಕೇ ಮನಸ್ಸಾಗುತ್ತಿರಲಿಲ್ಲ. ಅಷ್ಟು ಬಿಟ್ಟರೆ ಚೆನ್ನಾಗಿದ್ದೇವೆ. ಕಡಲಂಚಿನ ಪೋಹುತುಕಾವಾ ಮರಗಳು ಕೆಂಪಗೆ ಬಿರಿಯತೊಡಗಿವೆ. ಹೋದ ವರ್ಷ ಅವು ಹೀಗೆ ಬಿರಿದದ್ದನ್ನು ನಾವು ಯಾರೂ ನೋಡಲಿಲ್ಲ.

ಫೋನ್ ಇರುವಾಗ ಈ ಪೆದ್ದಿ ಪತ್ರ ಯಾಕೆ ಬರೆಯುತ್ತಾಳೆ ಅಂದುಕೊಳ್ಳುತ್ತೀಯ. ಫೋನಿನಲ್ಲಿ ಅಪ್ಪನ ಹೆಸರು ಬಂದ ಕೂಡಲೇ ನಿನ್ನ ಕಡೆ ಸಿಗ್ನಲ್ ಹೋಗಿಬಿಡುತ್ತದೆ. ಪ್ರತಿ ಸಲವೂ ಅದೇ ಹೊತ್ತಿಗೆ ಹೋಗುವ ಸಿಗ್ನಲ್ ಎಂಥದ್ದೆಂದು ನನಗೆ ಗೊತ್ತು. ಕಾಗದವನ್ನಾದರೆ ಹರಿದು ಹಾಕಬಹುದು, ಆದರೆ ಹರಿಯುವುದಕ್ಕೆ ಮೊದಲು ಎರಡು ಸಾಲಾದರೂ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಬೇಕಾದ ಎರಡು ಸಾಲನ್ನು ಇಲ್ಲೇ ಬರೆದುಬಿಡುತ್ತೇನೆ: ನೀನು ಹಾಕಿದ ಬ್ರೇಕು ಸರಿಯಾಗಿತ್ತು. ಅಪ್ಪ ಸತ್ತದ್ದು ನಿನ್ನಿಂದಲ್ಲ. ಇನ್ನು ಉಳಿದದ್ದನ್ನು ಓದು, ಇಲ್ಲದಿದ್ದರೆ ನಿನಗೆ ನಂಬಿಕೆ ಬರುವುದಿಲ್ಲ. ನಾನು ಸಮಾಧಾನಕ್ಕೆಂದು ಸುಳ್ಳು ಹೇಳುವವಳಲ್ಲ ಎಂದು ನಿನಗೆ ಗೊತ್ತಿದ್ದರೂ ಬರುವುದಿಲ್ಲ.

ಡಿಸೆಂಬರ್ 17ರ ಶನಿವಾರ ಅಪ್ಪನ ಸಮಾಧಿಯ ಕಲ್ಲು ತೆರೆಯುವುದೆಂದು ನಿಶ್ಚಯವಾಗಿದೆ. ಕಲ್ಲು ಬಂದಾಯಿತು. ಅದನ್ನು ಗುಡ್ಡದ ಮೇಲೆ ಅಪ್ಪನ ತಲೆಯ ಬಳಿ ನಿಲ್ಲಿಸಿ, ಅಜ್ಜಿ ನೇಯ್ದ ಗರಿಯ ಹೊದಿಕೆ ಹೊದಿಸಿಡುವುದಷ್ಟೇ ಬಾಕಿ. ಆ ದಿನ ಹೊದಿಕೆ ಎಳೆಯುವುದು ನಮ್ಮ ಮನೆಯಲ್ಲಿ ಹಿರಿಮಗನ ಕೆಲಸ. ನೀನು ಹೋದ ವಾರ ಅಮ್ಮನಿಗೆ 'ಯಾವ ಮುಖ ಇಟ್ಕೊಂಡು ಬರ್ಲಿ, ನೀವೇ ಎಳೆದುಬಿಡಿ' ಎಂದೆಯಂತೆ. ಅಮ್ಮ ಫೋನ್ ಇಟ್ಟು, ಆಗಲೇ ತೊಳೆದಿಟ್ಟಿದ್ದ ದೊಡ್ಡ ಪಾತ್ರೆಯನ್ನು ಮತ್ತೆ ಉಜ್ಜತೊಡಗಿದಳು. ಅರ್ಧದಲ್ಲಿ ಕೈ ನಿಲ್ಲಿಸಿ ಹೇಳಿದಳು: 'ಮರಾಯೆ ಸಭಾಮನೆಗೆ ಬರೋ ಜನಕ್ಕೆ ಕೋವುರಾ ಸೀಗಡಿ ನಿಮ್ಮಪ್ಪನ ದೋಣಿಯಲ್ಲೇ ಬರ್ಬೇಕು. ಬೇರೆಯವರ ದೋಣೀದು ನನ್ನ ಗಂಟಲಲ್ಲಿ ಇಳಿಯಲ್ಲ.'

ದೋಣಿ ಸರಿಯಾಗಿಯೇ ಇತ್ತು. ಪಕ್ಕದ ಬಿರುಕಿಗೆ ಚಿಕ್ಕಪ್ಪ ಚಳಿಗಾಲದಲ್ಲೇ ತೇಪೆ ಹಾಕಿದ್ದ. ಕೆಟ್ಟು ಕೂತದ್ದು ಟ್ರೇಲರ್. ಅಪಘಾತದ ನಂತರ ಅದನ್ನು ತಪಾಸಣೆ ಮಾಡಿ ವಾಪಸು ತಂದವರು ಶೆಡ್ಡಿನಲ್ಲಿ ಬಿಟ್ಟುಹೋದ ಮೇಲೆ ಅದರ ಮೇಲಿನ ಟಾರ್ಪಾಲನ್ನು ಯಾರೂ ಎತ್ತಿರಲಿಲ್ಲ. ಅಷ್ಟು ಭಾರದ ದೋಣಿಯನ್ನು ಬ್ರೇಕಿಲ್ಲದೆ ನಮ್ಮ ಇಳಿಜಾರಿನಲ್ಲಿ ಇಳಿಸುವವರು ಯಾರು? ನಾನು ಮಾಡುತ್ತೇನೆ ಎಂದೆ. ಮರಾಯೆಯ ಅಡುಗೆಮನೆಯಲ್ಲಿ ಕೂತಿದ್ದ ಹೇರಿನಾ ಅತ್ತೆ ಆಲೂಗಡ್ಡೆ ಸುಲಿಯುವ ಚಾಕುವನ್ನು ನನ್ನ ಕಡೆ ತೋರಿಸಿ, 'ಶಾಲೆ ಅರ್ಧಕ್ಕೆ ಬಿಟ್ಟೆ, ಉಣ್ಣೆ ಕತ್ತರಿಸೋ ಕೆಲಸಾನೂ ಅರ್ಧಕ್ಕೆ ಬಿಟ್ಟೆ. ನಿನ್ನ ಬ್ರೇಕೂ ಅರ್ಧಕ್ಕೇ ಹಿಡಿದ್ರೆ ನಿಮ್ಮ ಚಿಕ್ಕಪ್ಪ ಈ ವಯಸ್ಸಲ್ಲಿ ಈಜು ಕಲೀಬೇಕಾಗುತ್ತೆ ಕಣೆ' ಎಂದಳು. ಹೆಂಗಸರೆಲ್ಲ ನಕ್ಕರು. ಆಮೇಲೆ ತಾನು ಯಾವ ಇಳಿಜಾರಿನ ಬಗ್ಗೆ ತಮಾಷೆ ಮಾಡಿದೆನೆಂದು ಅತ್ತೆಗೇ ಹೊಳೆಯಿತು. ಸುಲಿದ ಆಲೂಗಡ್ಡೆಯನ್ನೇ ಮತ್ತೆ ಸುಲಿದಳು. ನಾವೆಲ್ಲ ಈ ವರ್ಷ ಹೀಗೇ, ಅಣ್ಣ. ನಗುವುದಕ್ಕೆ ಶುರುಮಾಡಿ ನಡುವೆ ದಾರಿ ತಪ್ಪುತ್ತೇವೆ.

ಟಾರ್ಪಾಲು ಎತ್ತಿದಾಗ ಮೊದಲು ಬಂದದ್ದು ವಾಸನೆ. ಹಳೆಯ ಮೀನಿನೆರೆ, ಡೀಸೆಲ್, ಉಪ್ಪು ಹಿಡಿದ ಹಗ್ಗ. ಅಪ್ಪ ಮನೆಗೆ ಬಂದು ಬಾಗಿಲಲ್ಲಿ ಬೂಟು ಕಳಚುತ್ತಿದ್ದಾಗಿನ ವಾಸನೆ. ಟ್ರೇಲರಿನ ಮೂಲೆಯಲ್ಲಿ ಅವನ ಒಂದು ಕೈಗವಸು, ಎಡಗೈಯದು, ಬೆರಳುಗಳು ಏನನ್ನೋ ಹಿಡಿದುಕೊಂಡಂತೆಯೇ ಗಟ್ಟಿಯಾಗಿ ಒಣಗಿತ್ತು. ನಾನು ಅದರೊಳಗೆ ಕೈ ಹಾಕಲಿಲ್ಲ. ಶೆಡ್ಡಿನ ಕಿಟಕಿಯಲ್ಲಿ ಇಟ್ಟೆ. ಈಗಲೂ ಅಲ್ಲೇ ಇದೆ.

ನೀನು ಹಳೆಯ ಡ್ರಮ್ ಬ್ರೇಕು ಕಿತ್ತು ಡಿಸ್ಕ್ ಹಾಕಿದ ದಿನ ನೆನಪಿದೆಯಾ? ಡ್ರಮ್ಮಿನೊಳಗೆ ಸಮುದ್ರದ ನೀರು ನಿಂತು ತುಕ್ಕು ಪುಡಿಪುಡಿಯಾಗಿ ಉದುರುತ್ತದೆ, ಡಿಸ್ಕ್ ಆದರೆ ತೊಳೆದರೆ ಒಣಗುತ್ತದೆ ಎಂದು ನೀನು ಚಿಕ್ಕಪ್ಪನಿಗೂ ನನಗೂ ಪಾಠ ಹೇಳುತ್ತಿದ್ದೆ. ಅಪ್ಪ ಚಹಾದ ಲೋಟ ಹಿಡಿದು ಬಂದು ಬಗ್ಗಿ ನೋಡಿ, 'ಚಕ್ರಕ್ಕೆ ಬೆಳ್ಳಿ ತಟ್ಟೆ ಹಾಕಿದೀಯಲ್ಲೋ, ಮೀನು ಬಡಿಸ್ಕೊಂಡು ತಿನ್ನೋಕಾ?' ಎಂದಿದ್ದ. ಊರೆಲ್ಲ ಆ ಮಾತನ್ನು ಹೇಳಿಕೊಂಡು ನಕ್ಕಿತ್ತು. ಆಮೇಲೆ ಅಪ್ಪ ಹೋದಾಗ ಅದೇ ಮಾತು ಬೇರೆ ಥರ ಕೇಳಿಸತೊಡಗಿತು. ಅಷ್ಟು ವರ್ಷ ಹಳೆಯ ಬ್ರೇಕಿನಲ್ಲಿ ಇಳಿದವನು, ಮಗ ಹೊಸದು ಹಾಕಿ ಇನ್ನೂ ಎರಡು ತಿಂಗಳಾಗಿರಲಿಲ್ಲ ಎಂದು. ಯಾರೂ ನಿನ್ನೆದುರು ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು, ನೀನು ಜಗಳವಾಡುತ್ತಿದ್ದೆ. ಎಲ್ಲರೂ ನಿನ್ನ ತಟ್ಟೆಗೆ ಸ್ವಲ್ಪ ಹೆಚ್ಚೇ ಅನ್ನುವಷ್ಟು ಬಡಿಸಿದರು, ನಿನ್ನ ಬೆನ್ನು ಸವರಿದರು. ತಪಾಸಣೆಯವರು ಬ್ರೇಕು ಹಿಡಿದೇ ಇಲ್ಲ, ಆಯಿಲ್ ಪೈಪು ಹರಿದಿದೆ, ಮೊದಲೇ ಹರಿದಿತ್ತೋ ಬಿದ್ದಾಗ ಹರಿಯಿತೋ ಹೇಳಲಾಗದು ಎಂದರು. ನೀನು ಮಾತ್ರ ಅದನ್ನು 'ನಾನು ಬಿಗಿದ ಜೋಡಣೆ ಬಿಚ್ಚಿಕೊಂಡಿದೆ' ಎಂದು ಕೇಳಿಸಿಕೊಂಡೆ.

ಈಗ ಕೇಳು. ನಾನು ಟ್ರೇಲರನ್ನು ಜಾಕಿನ ಮೇಲೆ ಎತ್ತಿ, ಚಕ್ರ ಬಿಚ್ಚಿ, ಅಡಿಯಲ್ಲಿ ಬೆನ್ನ ಮೇಲೆ ಮಲಗಿ ಆ ಪೈಪನ್ನು ಮೊದಲಿಂದ ಕೊನೆಯವರೆಗೆ ಬೆರಳಲ್ಲಿ ಮುಟ್ಟಿ ನೋಡಿದೆ. ಹರಿದದ್ದು ನಿನ್ನ ಜೋಡಣೆಯ ಹತ್ತಿರ ಅಲ್ಲವೇ ಅಲ್ಲ. ಒಂದು ಮೊಳ ಆಚೆ, ಬೇರೋ ಬಂಡೆಯೋ ತಗುಲಿ ಚಪ್ಪಟೆಯಾದ ಜಾಗದಲ್ಲಿ. ನಿನ್ನ ಜೋಡಣೆ ಹರಿದ ತುಂಡನ್ನು ಇನ್ನೂ ಕಚ್ಚಿ ಹಿಡಿದಿತ್ತು. ಅದನ್ನು ಬಿಚ್ಚುವುದಕ್ಕೆ ಎರಡು ಪಾನಾ ಹಾಕಿ ನೇತಾಡಬೇಕಾಯಿತು, ಒಂದು ಜಾರಿ ನನ್ನ ಹಲ್ಲಿಗೆ ಬಡಿಯಿತು. ನಿನ್ನನ್ನು ಆಗ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಪ್ಯಾಡುಗಳು ಹೊಸದರ ಹಾಗೇ ಇದ್ದವು. ಇನ್ನೊಂದನ್ನೂ ಹೇಳಬೇಕು, ನಿನ್ನನ್ನು ಹೊಗಳುವುದಕ್ಕೇ ಪತ್ರ ಬರೆದೆ ಅಂದುಕೊಳ್ಳಬೇಡ: ಎಡಗಡೆ ಬೋಲ್ಟುಗಳಿಗೆ ನೀನು ಗ್ರೀಸೇ ಹಚ್ಚಿಲ್ಲ. ಎರಡು ಹಿಡಿದುಕೊಂಡು ಕೂತಿದ್ದವು, ಒಂದನ್ನು ಗರಗಸದಲ್ಲಿ ಕೊಯ್ದೆ. ಅದು ಸೋಮಾರಿತನ. ಆದರೆ ಅದರಿಂದ ಯಾರೂ ಸಾಯುವುದಿಲ್ಲ.

ಹೊಸ ಪೈಪು, ಹೊಸ ಆಯಿಲ್, ಹೊಸ ಬೋಲ್ಟು ಹಾಕಿದೆ. ಆಯಿಲ್ ಸುರಿಯುವಾಗ ಮಡ್‌ಗಾರ್ಡಿನ ಮೇಲೆ ಚೆಲ್ಲಿ ಬಣ್ಣ ಗುಳ್ಳೆಯೆದ್ದು ಕಿತ್ತುಬಂತು. ಅಪ್ಪ ಬರೆದಿದ್ದ ದೋಣಿಯ ಹೆಸರಿನ ಕೊನೆಯ ಅಕ್ಷರ ಹೋಯಿತು. ಅಲ್ಲೇ ಕೂತು ಅತ್ತುಬಿಟ್ಟೆ. ಆಮೇಲೆ ಪೈಪಿನಲ್ಲಿ ಸೇರಿದ ಗಾಳಿ ತೆಗೆಯುವ ಕೆಲಸ ಒಬ್ಬಳಿಂದ ಆಗದೆಂದು ಚಿಕ್ಕಪ್ಪನನ್ನು ಕರೆದೆ. ಅವನು ಟ್ರೇಲರಿನ ಕೊಂಡಿಯನ್ನು ಹಾರೆಯಿಂದ ಹಿಂದಕ್ಕೆ ಒತ್ತಬೇಕು, ನಾನು ಚಕ್ರದ ಹತ್ತಿರ ತಿರುಪು ಬಿಚ್ಚಿ, ಆಯಿಲ್ಲಿನ ಜೊತೆ ಗುಳ್ಳೆ ಬರುವುದನ್ನು ನೋಡಿ ಮುಚ್ಚಬೇಕು. 'ಒತ್ತು ಚಿಕ್ಕಪ್ಪ.' 'ಒತ್ತಿದೆ.' 'ಬಿಡು.' 'ಬಿಡ್ಲಾ, ಹಿಡ್ಕೊಳ್ಲಾ? ನಿಮ್ಮಮ್ಮನ ಥರ ಎರಡೂ ಒಟ್ಟಿಗೆ ಹೇಳ್ಬೇಡ.' ಬಹಳ ದಿನಗಳ ಮೇಲೆ ಅವನು ತಮಾಷೆ ಮಾಡಿದ. ಗುಳ್ಳೆ ನಿಂತು ಆಯಿಲ್ ತಿಳಿಯಾಗಿ ಬಂದಾಗ ಇಬ್ಬರಿಗೂ ಖುಷಿಯಾಯಿತು. ಚಕ್ರವನ್ನು ತಿರುಗಿಸಿದರೆ, ಅವನು ಒತ್ತಿದ ಕ್ಷಣ ಕಲ್ಲಿನ ಹಾಗೆ ನಿಲ್ಲುತ್ತಿತ್ತು.

ಇದೆಲ್ಲ ನಿನಗೆ ಗೊತ್ತಿರುವುದೇ. ಆದರೂ ನಾನು ಈಗಷ್ಟೇ ಕಲಿತದ್ದರಿಂದ ಹೇಳಿಯೇ ಬಿಡುತ್ತೇನೆ. ಮುಂದಿನ ಗಾಡಿ ನಿಧಾನವಾದರೆ ಹಿಂದಿನ ದೋಣಿಯ ಭಾರ ಕೊಂಡಿಯನ್ನು ಒಳಕ್ಕೆ ತಳ್ಳುತ್ತದೆ, ಅದೇ ಒತ್ತಡ ಬ್ರೇಕು ಹಿಡಿಸುತ್ತದೆ. ಯಾರೂ ಕಾಲಿಡಬೇಕಿಲ್ಲ, ಭಾರವೇ ಭಾರವನ್ನು ತಡೆಯುತ್ತದೆ. ತೊಂದರೆ ಎಂದರೆ ನಮ್ಮ ಅಂಗಳದಂಥ ಏರಿಗೆ ಹಿಂದು ಹಿಂದಕ್ಕೆ ಹತ್ತಿಸುವಾಗಲೂ ಕೊಂಡಿ ಒಳಕ್ಕೆ ಹೋಗಿ ಬ್ರೇಕು ಹಿಡಿದುಬಿಡುತ್ತದೆ. ಅದಕ್ಕೇ ಅಪ್ಪ ದಿನಾ ಸಮುದ್ರದಿಂದ ಬಂದು, ರಸ್ತೆಯಲ್ಲಿ ನಿಲ್ಲಿಸಿ, ಕೊಂಡಿಯ ತೂತಿನಲ್ಲಿ ಆ ಕಬ್ಬಿಣದ ಕೀಲು ಸಿಕ್ಕಿಸಿ, ಆಮೇಲೆ ಶೆಡ್ಡಿಗೆ ಹಿಂದಕ್ಕೆ ಹತ್ತಿಸುತ್ತಿದ್ದ. ಕೀಲಿದ್ದರೆ ಕೊಂಡಿ ಒಳಕ್ಕೆ ಹೋಗುವುದಿಲ್ಲ, ಬ್ರೇಕೂ ಹಿಡಿಯುವುದಿಲ್ಲ. ಬೆಳಿಗ್ಗೆ ಇಳಿಯುವ ಮೊದಲು ಕೀಲು ಕಿತ್ತು, ಅದರ ಕೆಂಪು ದಾರವನ್ನು ಗಾಡಿಯ ಕನ್ನಡಿಗೆ ನೇತುಹಾಕುತ್ತಿದ್ದ. 'ದಾರ ಕಣ್ಣೆದುರು ಇಲ್ದಿದ್ರೆ ಗಾಡಿ ಕದಲಿಸ್ಬಾರ್ದು' ಎಂದು ನಮಗಿಬ್ಬರಿಗೂ ಎಷ್ಟು ಸಲ ಹೇಳಿಲ್ಲ!

ಎಲ್ಲ ಮುಗಿಯಿತು, ಇನ್ನು ಹಿಂದಕ್ಕೆ ಹತ್ತಿಸಿ ನೋಡೋಣ ಎಂದು ನಾನು, 'ಕೀಲು ಎಲ್ಲಿ ಚಿಕ್ಕಪ್ಪ?' ಎಂದೆ. ಸುಮ್ಮನೆ ಕೇಳಿದ್ದು, ಸುತ್ತಿಗೆ ಎಲ್ಲಿ ಎಂದು ಕೇಳುವ ಹಾಗೆ. ಅವನು, 'ಆವತ್ತೇ ಕಳೆದೋಯ್ತು. ಗಾಡಿಯೊಳಗೆ ಕನ್ನಡೀಲಿ ಇತ್ತಲ್ಲ, ಗಾಡಿ ಜೊತೆ ಹೋಗಿರುತ್ತೆ' ಎಂದ. ನಾನು ಗ್ರೀಸು ಒರೆಸೋಣವೆಂದು ಕೀಲಿನ ತೂತಿಗೆ ಬೆರಳು ಹಾಕಿದೆ. ಅಣ್ಣ, ಆ ತೂತು ಗುಂಡಗಿರಲಿಲ್ಲ. ಮೊಟ್ಟೆಯ ಹಾಗೆ ಉದ್ದಕ್ಕೆ ಎಳೆದುಕೊಂಡಿತ್ತು. ಒಳಗಿನ ಅಂಚು ನನ್ನ ಬೆರಳಿಗೆ ಚುಚ್ಚಿತು. 'ಕೀಲು ಕನ್ನಡೀಲಿ ಇದ್ದಿದ್ರೆ ಈ ತೂತು ಯಾಕೆ ಹೀಗಾಯ್ತು?' ಎಂದು ಕೇಳಿದೆ. ಚಿಕ್ಕಪ್ಪ ಹಾರೆಯನ್ನು ಗೋಡೆಗೆ ಒರಗಿಸಿ, ಕೈ ಒರೆಸಿಕೊಂಡು, ಅಂಗಳ ಇಳಿದು ಹೋದ. ಟೋಪಿ ನಮ್ಮಲ್ಲೇ ಬಿಟ್ಟು.

ಮರುದಿನ ಬೆಳಿಗ್ಗೆ ನಾನು ಇನ್ನೂ ಚಹಾ ಕುಡಿಯುತ್ತಿರುವಾಗಲೇ ಬಂದ. ಅಪ್ಪ ಹೋದ ಮೇಲೆ ಚಿಕ್ಕಪ್ಪ ಹೊಗೆ ಸೇದುವುದನ್ನು ಬಿಟ್ಟ ಎಂದು ಎಲ್ಲರೂ ಹೊಗಳಿದರಲ್ಲ, ಪಾದ್ರಿ ಕೂಡ ಹೊಗಳಿದರಲ್ಲ? ಅವನು ಬಿಟ್ಟದ್ದು ಯಾಕೆಂದರೆ ಹೊಗೆಸೊಪ್ಪಿನ ಚೀಲದಲ್ಲಿ ಜಾಗ ಇರಲಿಲ್ಲ. ಚೀಲ ಬಿಚ್ಚಿ ಮೇಜಿನ ಮೇಲೆ ಆ ಕೀಲನ್ನು ಇಟ್ಟ. ಕೆಂಪು ದಾರ ಹಾಗೇ ಇತ್ತು. ಕೀಲು ನಡುವೆ ಬಾಗಿತ್ತು, ಕರೆಯುವ ಬೆರಳಿನ ಹಾಗೆ.

ಆ ದಿನ ಕೆಳಗೆ ಮರಳಿನಲ್ಲಿ ಅಪ್ಪನಿಗಾಗಿ ಕಾಯುತ್ತಿದ್ದವನು ಚಿಕ್ಕಪ್ಪ. ಶಬ್ದ ಕೇಳಿ ಮೊದಲು ಓಡಿ ಹತ್ತಿದವನೂ ಅವನೇ. ಗಾಡಿ ತಿರುವಿನಲ್ಲಿ ಕಮರಿಗೆ ಹೋಗಿತ್ತು, ಟ್ರೇಲರ್ ಕಳಚಿಕೊಂಡು ಮೇಲೆ ಮರಕ್ಕೆ ತಗುಲಿ ನಿಂತಿತ್ತು. ಅವನು ಮೊದಲು ಕಮರಿಗೆ ಇಳಿದ. ಅಪ್ಪನಲ್ಲಿ ಏನೂ ಉಳಿದಿರಲಿಲ್ಲ. ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದು, ಆಮೇಲೆ ಯಾರನ್ನಾದರೂ ಕರೆಯಲು ಮೇಲೆ ಬಂದಾಗ ಆ ಕೆಂಪು ದಾರ ಕಂಡಿತಂತೆ. ಕೊಂಡಿಯಲ್ಲಿ ನೇತಾಡುತ್ತಿತ್ತು. ಬಾಗಿದ ಕೀಲು ಸುಲಭಕ್ಕೆ ಬರಲಿಲ್ಲ, ಕಲ್ಲಿನಿಂದ ಬಡಿದು ಬಡಿದು ತೆಗೆದನಂತೆ.

ನಾನು ಕೂಗಾಡಿದೆ. ಹಿರಿಯರ ಮುಂದೆ ಆಡಬಾರದ್ದನ್ನೆಲ್ಲ ಆಡಿದೆ. ಅವನು ತಲೆ ಎತ್ತದೆ ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ: 'ಹುಟ್ಟಿದಾಗಿಂದ ಈ ಇಳಿಜಾರು ಇಳಿದೋನು, ಅರ್ಧ ಕೊಲ್ಲಿಗೆ ಟ್ರೇಲರ್ ಎಳೆಯೋದು ಕಲಿಸಿದೋನು, ಕೀಲು ಮರೆತು ಸತ್ತ ಅಂತ ಅವನ ಪೆಟ್ಟಿಗೆ ಮುಂದೆ ನಿಂತು ಜನ ಆಡ್ಕೋಬಾರ್ದು ಅನ್ನಿಸ್ತು ಮಗಳೇ. ನಿಮ್ಮಣ್ಣನ ಮೇಲೆ ಹೋಗುತ್ತೆ ಅಂತ ಆಗ ಹೊಳೀಲಿಲ್ಲ. ಹೊಳೆದಾಗ, ಅವನು ಜೀವಂತ ಇದಾನೆ, ಜೀವಂತ ಇರೋನು ತಡ್ಕೋತಾನೆ ಅಂದ್ಕೊಂಡೆ. ಸತ್ತೋನು ಎದ್ದು ಬಂದು ಉತ್ತರ ಕೊಡೋಕಾಗಲ್ವಲ್ಲ. ಒಂದೆರಡು ತಿಂಗಳು ಹೋಗಿ ಬರ್ತಾನೆ ಅಂದ್ಕೊಂಡೆ. ಅವನು ಬರ್ಲೇ ಇಲ್ಲ.'

ನಮ್ಮಪ್ಪ ಕೀಲು ಮರೆಯುವವನೇ ಅಲ್ಲ, ಸುಳ್ಳು ಎಂದೆ. ಆಗ ಬಾಗಿಲಲ್ಲಿ ಅಮ್ಮ ನಿಂತಿದ್ದಳು, ಒಗೆದ ಬಟ್ಟೆಯ ಬುಟ್ಟಿ ಸೊಂಟದಲ್ಲಿಟ್ಟುಕೊಂಡು. ಕೀಲನ್ನು ನೋಡಿದಳು. ಬುಟ್ಟಿ ಇಳಿಸಲಿಲ್ಲ. 'ಮರೀತಿದ್ದ' ಎಂದಳು. 'ಎರಡು ವರ್ಷದಿಂದ ಮರೀತಿದ್ದ.'

ಅಣ್ಣ, ನಮಗೆ ಕಂಡಿತ್ತು. ಕಂಡರೂ ನಾವು ನಕ್ಕಿದ್ದೆವು. ಅಪ್ಪ ನನ್ನನ್ನು ಹೇರಿನಾ ಎಂದು ಕರೆದಾಗ, ಚಹಾಕ್ಕೆ ಉಪ್ಪು ಹಾಕಿಕೊಂಡಾಗ, ಈಗಷ್ಟೇ ಎತ್ತಿದ ಬಲೆಯ ಹತ್ತಿರವೇ ಮತ್ತೆ ದೋಣಿ ತಿರುಗಿಸಿದಾಗ ನೀನು, 'ಅಪ್ಪ, ಆ ಸೀಗಡಿಗಳಿಗೆ ಉಸಿರಾಡೋಕಾದ್ರೂ ಬಿಡು' ಎಂದಿದ್ದೆಯಲ್ಲ. ಅವನೂ ನಕ್ಕಿದ್ದ, ಆದರೆ ನಮ್ಮ ಮುಖ ನೋಡಿಕೊಂಡು, ಒಂದು ಗಳಿಗೆ ತಡವಾಗಿ. ಆ ತಡವನ್ನು ನಾನು ಈ ವಾರವಿಡೀ ಕೇಳಿಸಿಕೊಳ್ಳುತ್ತಿದ್ದೇನೆ. ಅಮ್ಮನಿಗೂ ಚಿಕ್ಕಪ್ಪನಿಗೂ ಮಾತ್ರ ಗೊತ್ತಿತ್ತು. ಮಕ್ಕಳಿಗೆ ಹೇಳಬಾರದೆಂದು ಅಪ್ಪ ಆಣೆ ಹಾಕಿಸಿಕೊಂಡಿದ್ದನಂತೆ. ಅದಕ್ಕೇ ಅಮ್ಮ ದಿನಾ ಬೆಳಿಗ್ಗೆ ಚಹಾದ ಫ್ಲಾಸ್ಕು ಕೊಡುವ ನೆಪದಲ್ಲಿ ಅಂಗಳಕ್ಕೆ ಹೋಗುತ್ತಿದ್ದಳು. ನಾವು ಅದನ್ನು ಪ್ರೀತಿ ಎಂದುಕೊಂಡಿದ್ದೆವು. ಪ್ರೀತಿಯೇ. ಗಾಡಿಯ ಹಿಂದೆ ಸುತ್ತಿ ಬಂದು, ಕೀಲು ಇನ್ನೂ ಕೊಂಡಿಯಲ್ಲಿದ್ದರೆ ಕಿತ್ತು, ಫ್ಲಾಸ್ಕಿನ ಜೊತೆ ಅವನ ಅಂಗೈಯಲ್ಲಿ ಇಡುತ್ತಿದ್ದಳು. ಅವನು, 'ತೆಗೀತಿದ್ದೆ ಕಣೆ, ಈಗ ತೆಗೀತಿದ್ದೆ' ಎಂದು ಕನ್ನಡಿಗೆ ನೇತುಹಾಕುತ್ತಿದ್ದ.

ಆವತ್ತು ಪಕ್ಕದ ಮನೆಯ ಮುದುಕಿಯ ದೇಹ ಮರಾಯೆಯಲ್ಲಿತ್ತು. ಅಡುಗೆಮನೆಗೆ ಕೈ ಸಾಲದೆಂದು ಹೇರಿನಾ ಅತ್ತೆ ಬೆಳಕು ಹರಿಯುವ ಮೊದಲೇ ಅಮ್ಮನನ್ನು ಕರೆದೊಯ್ದಿದ್ದಳು. ಬರುವವರಿಗೆ ಬಡಿಸಲು ಸೀಗಡಿ ತರಬೇಕೆಂದು ಅಪ್ಪ ಹೊರಟದ್ದು. ಅಮ್ಮ ಹೋಗುವಾಗ ಫ್ಲಾಸ್ಕನ್ನು ಮೇಜಿನ ಮೇಲೆ ಇಟ್ಟು ಹೋಗಿದ್ದಳು. 'ಫ್ಲಾಸ್ಕ್ ಇಟ್ಟೆ' ಎಂದಳು ಅಮ್ಮ, ಎರಡು ಸಲ, ಅಷ್ಟೇ. ಆ ಹೊತ್ತಿಗೆ ಅವಳು ಮರಾಯೆಯಲ್ಲಿ ಕುಮಾರಾ ಗೆಣಸು ಸುಲಿಯುತ್ತಿದ್ದಳು. ಕೊಂಡಿಯಲ್ಲಿ ಕೀಲಿತ್ತೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಆದರೆ ಮೊದಲ ದಿನದಿಂದ ಅವಳಿಗೆ ಅನುಮಾನವಿತ್ತು. ಹೌದೆಂದು ಗೊತ್ತಾದರೆ ತಾನೇ ಕೊಂದ ಹಾಗಾಗುತ್ತದೆಂದು ಯಾರನ್ನೂ ಕೇಳಲಿಲ್ಲ. ಕೇಳದೆ ನಿನ್ನನ್ನು ಹೋಗಗೊಟ್ಟಳು. ಇದನ್ನು ನಾನು ಮೃದು ಮಾಡಿ ಬರೆಯಬಹುದಿತ್ತು. ಅಮ್ಮನೇ ಬೇಡ ಎಂದಳು. 'ಹೇಗಿದೆಯೋ ಹಾಗೇ ಬರಿ. ನಿನಗೆ ಅದೊಂದೇ ಬರೋದು' ಎಂದಳು.

ನನಗೆ ಇನ್ನೂ ಸಿಟ್ಟಿದೆ, ಅಣ್ಣ. ಇಬ್ಬರ ಮೇಲೂ. ಆದರೆ ಸಿಟ್ಟು ಮಾಡಿಕೊಂಡು ನೋಡಿದಾಗಲೆಲ್ಲ ಅಲ್ಲಿ ಇಬ್ಬರು ಮುದುಕರು ಕೂತಿರುತ್ತಾರೆ, ಒಬ್ಬರ ಮುಖ ಒಬ್ಬರು ನೋಡದೆ, ಒಂದೇ ರೇವೆನಾ ಬ್ರೆಡ್ಡನ್ನು ಮುರಿದುಕೊಂಡು. ನೀನು ಅಲ್ಲಿ ಒಬ್ಬನೇ ಹೊತ್ತಿದ್ದೀಯ ಎಂದುಕೊಂಡಿದ್ದೆ. ಇಲ್ಲಿ ಇವರೂ ಒಬ್ಬೊಬ್ಬರೇ ಹೊತ್ತಿದ್ದಾರೆ, ಒಂದೇ ಮೇಜಿಗೆ ಕೂತುಕೊಂಡು. ಅಪ್ಪನ ಮಾನ ಉಳಿಸುವುದಕ್ಕೆ ಅಂತ ಶುರುವಾಯಿತು. ಅಪ್ಪ ಇದ್ದಿದ್ದರೆ ಈ ಮಾನವನ್ನು ಏನು ಮಾಡುತ್ತಿದ್ದನೆಂದು ನನಗೆ ಗೊತ್ತು. ಎರೆಗೆ ಹಾಕುತ್ತಿದ್ದ.

ನಿನ್ನೆ ಮಧ್ಯಾಹ್ನ ಚಿಕ್ಕಪ್ಪನ ಪಿಕಪ್ಪಿಗೆ ಟ್ರೇಲರ್ ಕಟ್ಟಿ, ದೋಣಿಯ ಸಮೇತ, ನಾನೇ ಇಳಿಸಿದೆ. ಲೈಸೆನ್ಸ್ ಇಲ್ಲ ಎಂದು ನೀನು ಬೈಯುವುದಕ್ಕೆ ಮೊದಲು ಹೇಳುತ್ತೇನೆ, ಹೊರಡುವ ಮುಂಚೆ ಅಮ್ಮ ಫ್ಲಾಸ್ಕು ಹಿಡಿದು ಬಂದಳು. ಗಾಡಿಯ ಹಿಂದೆ ಒಂದು ಸುತ್ತು ಹೋದಳು. ಕೊಂಡಿಯಲ್ಲಿ ಏನೂ ಇಲ್ಲವೆಂದು ಅವಳಿಗೂ ಗೊತ್ತಿತ್ತು, ಆದರೂ ಬಗ್ಗಿ ಕೈಯಾಡಿಸಿ ನೋಡಿದಳು. ಆಮೇಲೆ ಫ್ಲಾಸ್ಕನ್ನು ನನ್ನ ಕೈಗೆ ಕೊಟ್ಟು ಮನೆಯೊಳಗೆ ಹೋದಳು. ಚಿಕ್ಕಪ್ಪ ಪಕ್ಕದಲ್ಲಿ ಬಾಗಿಲ ಹಿಡಿ ಹಿಡಿದುಕೊಂಡು ಕೂತಿದ್ದ, ಬಾಯಲ್ಲಿ ಪ್ರಾರ್ಥನೆ, ನಡುನಡುವೆ 'ನಿಧಾನ ಕಣೆ, ಕುರಿ ಮೇಯಿಸೋಕೆ ಹೊರಟಿದೀವಿ ಅಂದ್ಕೋ'. ಆ ತಿರುವು ಬಂತು. ನಾನು ಕಾಲಿಟ್ಟೆ. ಹಿಂದಿನಿಂದ ಭಾರ ಒಮ್ಮೆ ಭುಜಕ್ಕೆ ಒರಗಿದ ಹಾಗಾಯಿತು, ಆಮೇಲೆ ಯಾರೋ ಹಿಂದೆ ನಿಂತು ಹಿಡಿದುಕೊಂಡ ಹಾಗೆ ಹಗುರಾಯಿತು. ನೀನು ಹಾಕಿದ ಡಿಸ್ಕು, ಅಣ್ಣ. ಇಡೀ ಇಳಿಜಾರಿನಲ್ಲಿ ಅದು ಹಿಡಿದುಕೊಂಡೇ ಇತ್ತು. ತಿರುವಿನಲ್ಲಿ ನಿಲ್ಲಿಸಿದೆ. ಅಲ್ಲಿ ಯಾರೋ ಹೊಸ ಹೂವು ಇಟ್ಟಿದ್ದರು. ಚಿಕ್ಕಪ್ಪ ಇಳಿದು, ಬೆಳ್ಳಿ ತಟ್ಟೆಯ ಹತ್ತಿರ ಅಂಗೈ ಹಿಡಿದು, ಬಿಸಿ ಬಡಿದದ್ದಕ್ಕೆ ಕೈ ಹಿಂದೆಗೆದು, 'ಬಿಸಿಯಾಗಿದೆ. ಕೆಲಸ ಮಾಡಿದೆ' ಎಂದ. ಆಮೇಲೆ ರಸ್ತೆಯಂಚಿನಲ್ಲಿ ಕೂತುಬಿಟ್ಟ. ಅವನನ್ನು ಎಬ್ಬಿಸುವುದಕ್ಕೆ ಬಹಳ ಹೊತ್ತು ಬೇಕಾಯಿತು.

ಕಲ್ಲು ತೆರೆಯುವ ದಿನ ಮರಾಯೆಯ ಅಂಗಳದಲ್ಲಿ ಎದ್ದು ನಿಂತು ಎಲ್ಲರ ಮುಂದೆ ಇದನ್ನು ಹೇಳುತ್ತೇನೆ ಎಂದಿದ್ದಾನೆ. ಅಮ್ಮ ಅವನ ಪಕ್ಕದಲ್ಲಿ ನಿಲ್ಲುತ್ತಾಳಂತೆ. ಹೇಳಲೇಬೇಕೆಂದು ನಾನು ಹಟ ಹಿಡಿದೆ. ಅಪ್ಪನ ಮರೆವಿಗೆ ಜನ ನಗುತ್ತಾರೆಂದು ನನಗೆ ಅನ್ನಿಸುವುದಿಲ್ಲ. ನಕ್ಕರೆ ನಗಲಿ, ನಾವೂ ನಕ್ಕಿದ್ದೆವು. ನೀನು ಅಲ್ಲಿ ಇಲ್ಲದೆ ಅವನು ಯಾರನ್ನು ನೋಡಿಕೊಂಡು ಹೇಳಬೇಕು ಎಂಬುದು ನನಗೆ ಹೊಳೆಯುತ್ತಿಲ್ಲ. ನಾನು ನಿನ್ನ ಜಾಗದಲ್ಲಿ ನಿಲ್ಲಬಲ್ಲೆ, ಆದರೆ ನನ್ನನ್ನು ನೋಡಿ ಹೇಳಿದರೆ ಅದು ಮುಗಿದ ಹಾಗಾಗುವುದಿಲ್ಲ.

ನೀರು ಹೆಚ್ಚು ಕುಡಿ. ಬಿಸಿಲಲ್ಲಿ ಟೋಪಿ ಹಾಕು. ಅಮ್ಮನ ಆಶೀರ್ವಾದ, ಚಿಕ್ಕಪ್ಪನದು ಏನೆಂದು ಕೇಳಿದೆ, 'ನನ್ನದು ಬರೀಬೇಡ, ಎದುರಿಗೇ ಕೊಡ್ತೀನಿ' ಎಂದ. ಹೇರಿನಾ ಅತ್ತೆ, ಬಂದರೆ ನಿನ್ನ ತಟ್ಟೆಗೆ ಈ ಸಲ ಎಲ್ಲರಷ್ಟೇ ಬಡಿಸುತ್ತೇನೆ, ಒಂದು ತುಂಡೂ ಹೆಚ್ಚಿಲ್ಲ ಎಂದು ಹೇಳಿ ಕಳಿಸಿದ್ದಾಳೆ. ಅಪ್ಪನಿದ್ದಿದ್ದರೆ ಅವನೂ ಹರಸುತ್ತಿದ್ದ, ಯಾರನ್ನು ಹರಸುತ್ತಿದ್ದೇನೆಂದು ನಡುವೆ ಮರೆತರೂ.

ನಿನ್ನ ತಂಗಿ,
ಪಾರೆ

ತಾ.ಕ. ಅಂಚೆಯ ಗಾಡಿ ಅಂಗಡಿಯ ಮುಂದೆ ನಿಂತಿದೆ, ಬೇಗ ಬರೆಯುತ್ತೇನೆ. ಲಕೋಟೆ ಯಾಕೆ ಭಾರವಾಗಿದೆ ಎಂದುಕೊಂಡೆಯಲ್ಲ, ಒಳಗೆ ಕೀಲಿದೆ. ಚಿಕ್ಕಪ್ಪ ಅದನ್ನು ಸುತ್ತಿಗೆಯಲ್ಲಿ ನೆಟ್ಟಗೆ ಮಾಡಿದ್ದಾನೆ, ಆದರೂ ಬೆರಳು ಸವರಿದರೆ ಬಾಗಿದ ಜಾಗ ತಿಳಿಯುತ್ತದೆ. ತೂತಿಗೆ ನಾನು ಹೊಸ ಕಬ್ಬಿಣದ ಬಳೆ ಬೆಸುಗೆ ಹಾಕಿಸಿದ್ದೇನೆ, ಸರಿಯಾಗಿ ಕೂರುತ್ತದೆ. ಕೀಲಿಲ್ಲದೆ ದೋಣಿ ಇಳಿಯುತ್ತದೆ, ಆದರೆ ಶೆಡ್ಡಿಗೆ ಹಿಂದಕ್ಕೆ ಹತ್ತುವುದಿಲ್ಲ. ಅದಕ್ಕೇ ನಿನ್ನೆಯಿಂದ ಅದು ರಸ್ತೆಯಲ್ಲೇ ನಿಂತಿದೆ, ಅಮ್ಮ ಕಿಟಕಿಯಿಂದ ನೋಡುತ್ತಿರುತ್ತಾಳೆ. ಸುಳ್ಳು ಹೇಳುವುದಿಲ್ಲ: ಕೀಲಿನ ಬದಲಿಗೆ ಹಾಕಬಹುದಾದ ಅದೇ ಅಳತೆಯ ಬೋಲ್ಟು ಈ ಅಂಗಡಿಯಲ್ಲೇ ಸಿಗುತ್ತದೆ, ಈಗ ನನ್ನ ಕಣ್ಣೆದುರಿಗೇ ಇದೆ. ಆದರೆ ನಾನು ಕೊಳ್ಳುವುದಿಲ್ಲ. ಕೀಲನ್ನು ನೀನೇ ತಂದುಕೊಡು.